ಖಾಲಿ ಡಬ್ಬದ ಜನರೇಟರ್

ದೆವ್ವ, ಪವಾಡ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ ಜಗಳಕ್ಕೇ ನಿಲ್ಲುವ ಆಸಾಮಿ ನಾನು. ಜನರೇಟರ್ ರಿಪೇರಿ ನನ್ನ ಕಸುಬು, ಗರುಡಾಚಾರ್‌ಪಾಳ್ಯದಲ್ಲಿ ಅಂಗಡಿ. ಗಿರಾಕಿಗಳು ಮೆಷೀನಿಗೆ ನಿಂಬೆಹಣ್ಣು ಕಟ್ಟಿ ತಂದರೆ, "ಮೊದ್ಲು ಫಿಲ್ಟರ್ ಬದಲಾಯಿಸ್ರೀ, ನಿಂಬೆಹಣ್ಣು ಆಮೇಲೆ ಕಟ್ಟೋರಂತೆ" ಎಂದು ರೇಗಿಸುತ್ತಿದ್ದೆ. ಮೆಷೀನು ಕೆಟ್ಟರೆ ಅದಕ್ಕೊಂದು ಕಾರಣ ಇರುತ್ತದೆ, ಓಡಿದರೂ ಇರುತ್ತದೆ ಎಂದು ನಂಬಿದ್ದವನು. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ, ನಕ್ಕು ಎದ್ದು ಹೋಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಕೊನೆಯಲ್ಲಿ, ಪಿಳ್ಳಪ್ಪ ಎಂಬ ಹಿರಿಯರು ಅಂಗಡಿಗೆ ಬಂದರು. ಎಪ್ಪತ್ತು ದಾಟಿದ ವಯಸ್ಸು. ಕಂಟೋನ್ಮೆಂಟಿನ ಒಬ್ಬ ಆಂಗ್ಲೋ ಇಂಡಿಯನ್ ಸಾಹೇಬರ ಬಳಿ ಮೂವತ್ತು ವರ್ಷ ಡ್ರೈವರ್ ಆಗಿದ್ದವರು. ಆ ಸಾಹೇಬರಿಗೆ ಹೆಂಡತಿ ಮಕ್ಕಳಿರಲಿಲ್ಲ, ಊರೂರು ಸುತ್ತುವ ಹುಚ್ಚಿತ್ತು. ಅದಕ್ಕೆಂದೇ ಹಾಸಿಗೆ, ಒಲೆ, ಫ್ಯಾನು, ಪುಟ್ಟ ಬಚ್ಚಲು ಎಲ್ಲ ಇರುವ ದೊಡ್ಡದೊಂದು ವ್ಯಾನನ್ನು ಆ ಕಾಲದಲ್ಲೇ ವಿದೇಶದಿಂದ ತರಿಸಿದ್ದರಂತೆ. ಸಾಯುವಾಗ ಅದನ್ನು ಪಿಳ್ಳಪ್ಪನವರಿಗೇ ಬಿಟ್ಟುಹೋದರು. ರಾಮಮೂರ್ತಿ ನಗರದ ತಗ್ಗಿನಲ್ಲಿದ್ದ ಅವರ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಅದು ನಿಂತಿತ್ತು. ಬೀದಿಯವರು ಅದನ್ನು ಮನೆಗಾಡಿ ಎನ್ನುತ್ತಿದ್ದರು. ಅದರ ಎಡಮಗ್ಗುಲಲ್ಲಿ, ಹೊರಗಿನಿಂದ ಮುಚ್ಚಳ ತೆಗೆಯುವಂಥ ಕಬ್ಬಿಣದ ಡಬ್ಬದೊಳಗೆ, ಗಾಡಿಯಷ್ಟೇ ಹಳೆಯ ಜನರೇಟರ್ ಒಂದಿತ್ತು. ಇಂಜಿನ್ ಓಡುತ್ತಿತ್ತು, ಕರೆಂಟ್ ಬರುತ್ತಿರಲಿಲ್ಲ.

ಹಳೇ ಗಾಡಿಯ ಶೋಕಿಗೆ ರಿಪೇರಿ ಮಾಡಿಸುತ್ತಿದ್ದಾರೆ ಎಂದುಕೊಂಡಿದ್ದೆ. ಹಾಗಲ್ಲ. ಅವರ ಹೆಂಡತಿ ಜಯಮ್ಮನವರ ಶ್ವಾಸಕೋಶ ಪೂರಾ ಸೋತುಹೋಗಿತ್ತು. ಹಗಲೂ ರಾತ್ರಿ ಮೂಗಿಗೆ ಆಕ್ಸಿಜನ್ ಮೆಷೀನಿನ ಪೈಪು ಇರಲೇಬೇಕು. ಕರೆಂಟ್ ಹೋದರೆ ಮನೆಯ ಯುಪಿಎಸ್ ಒಂದು ಗಂಟೆ ತಡೆಯುತ್ತದೆ, ಅಷ್ಟೇ. ಹಿಂದಿನ ಮಳೆಗಾಲದಲ್ಲಿ ಬಡಾವಣೆಗೆ ನೀರು ನುಗ್ಗಿ ಇಡೀ ದಿನ ಕರೆಂಟ್ ಇಲ್ಲದೆ, ಆಕೆಯನ್ನು ನಾಲ್ಕು ಜನ ಕುರ್ಚಿಯಲ್ಲಿ ಹೊತ್ತು ಆಸ್ಪತ್ರೆಗೆ ಮುಟ್ಟಿಸಿದ್ದರಂತೆ.

"ಗಾಡಿ ಎತ್ತರಕ್ಕೈತೆ ಕಣಪ್ಪ, ನೀರು ಹತ್ತಲ್ಲ. ಇದೊಂದು ಕರೆಂಟ್ ಕೊಟ್ರೆ ಅವಳನ್ನ ಒಳಗೆ ಮಲಗಿಸಿ ನಾನು ನಿಶ್ಚಿಂತೆಯಾಗಿರ್ತೀನಿ. ಮಳೆಗಾಲದೊಳಗೆ ಮಾಡ್ಕೊಡು" ಎಂದರು.

"ಹದಿನೈದು ದಿನ ಯಜಮಾನ್ರೆ, ಆಮೇಲೆ ನನ್ನ ಹೆಸರು ಹೇಳ್ಕೊಂಡು ನಿದ್ದೆ ಮಾಡಿ" ಎಂದೆ. ಬಾಯಿ ನನ್ನದು ಮೊದಲಿನಿಂದಲೂ ಜೋರು.

ಡಬ್ಬದ ಸಮೇತ ಜನರೇಟರನ್ನು ಅಂಗಡಿಗೆ ತಂದು ಬಿಚ್ಚಿದೆ. ಒಳಗಿನ ವೈಂಡಿಂಗ್ ಸುಟ್ಟು ಕರಕಲಾಗಿತ್ತು. ಅಂಥ ಹಳೆಯ ಸೆಟ್ಟಿಗೆ ಹೊಸ ಭಾಗ ಎಲ್ಲಿ ಸಿಗಬೇಕು? ತಾಮ್ರದ ತಂತಿಯನ್ನು ಕೈಯಿಂದಲೇ ಸುತ್ತಬೇಕು, ಕೂತರೆ ಮೂರು ದಿನದ ಕೆಲಸ. ನಾನು ಕೂರಲಿಲ್ಲ. ಮಳೆ ಶುರುವಾಯಿತು. ಮಹದೇವಪುರದ ಅಪಾರ್ಟ್‌ಮೆಂಟುಗಳಿಂದ ಒಂದರ ಹಿಂದೆ ಒಂದು ಫೋನು: ಬೇಸ್‌ಮೆಂಟಿಗೆ ನೀರು ಬಂದಿದೆ, ಲಿಫ್ಟ್ ನಿಂತಿದೆ, ಈಗಲೇ ಬನ್ನಿ. ದೊಡ್ಡ ಗಿರಾಕಿಗಳು, ಓಡಿ ಹೋಗುತ್ತಿದ್ದೆ. ಪಿಳ್ಳಪ್ಪನವರ ಇಂಜಿನ್ನೂ ವೈಂಡಿಂಗೂ ನನ್ನ ಬೆಂಚಿನ ಮೂಲೆಯಲ್ಲಿ ಚೀಲ ಹೊದ್ದು ಮಲಗಿದ್ದವು. ಅವರು ದಿನ ಬಿಟ್ಟು ದಿನ ಬರುತ್ತಿದ್ದರು. ಬಾಗಿಲಲ್ಲಿ ನಿಂತು, ಏನೂ ಕೇಳದೆ, ಒಂದು ಟೀ ಕುಡಿದು ಹೋಗುತ್ತಿದ್ದರು. ಬೈದಿದ್ದರೆ ನನಗೂ ಎದುರು ಮಾತಾಡಲು ಒಂದು ದಾರಿಯಿರುತ್ತಿತ್ತು.

ಒಂದೂವರೆ ತಿಂಗಳಾದ ಮೇಲೆ ಅವರ ಮುಖ ನೋಡಲಾಗದೆ ನಾನೊಂದು ಕೆಲಸ ಮಾಡಿದೆ. ನಮ್ಮ ಕಸುಬಿನವರಲ್ಲಿ ಕೆಲವರು ಮಾಡುತ್ತಾರೆ, ಹೊರಗೆ ಹೇಳಿಕೊಳ್ಳುವುದಿಲ್ಲ. ಗಿರಾಕಿ ತೀರಾ ಅವಸರ ಮಾಡಿದರೆ ಒಳಗಿನ ಮೆಷೀನು ಅಂಗಡಿಯಲ್ಲೇ ಇರುತ್ತದೆ, ಖಾಲಿ ಡಬ್ಬವನ್ನು ಮಾತ್ರ ಒಯ್ದು ಅದರ ಜಾಗದಲ್ಲಿ ಕೂರಿಸಿ ಬರುತ್ತೇವೆ. ಕಣ್ಣಿಗೆ ವಸ್ತು ಕಂಡರೆ ಗಿರಾಕಿಗೆ ಸಮಾಧಾನ. ನಾನೂ ಹಾಗೇ ಮಾಡಿದೆ. ಮನೆಗಾಡಿಗೆ ಡಬ್ಬ ಸೇರಿಸಿ, ಹೊಗೆ ಪೈಪು ಸಿಕ್ಕಿಸಿ, ಗಾಡಿಯೊಳಗಿನ ಸ್ವಿಚ್ಚಿನಿಂದ ಬರುವ ತಂತಿಗಳ ತುದಿಗೆ ಟೇಪು ಸುತ್ತಿ ಒಳಗೆ ಬಿಟ್ಟು, ಮುಚ್ಚಳಕ್ಕೆ ಎಂಟು ಸ್ಕ್ರೂ ಬಿಗಿದೆ. "ಆಗೋಯ್ತು ಯಜಮಾನ್ರೆ. ಟೆಸ್ಟಿಂಗ್ ಒಂದು ಬಾಕಿ, ನಾನು ಬರೋತನಕ ಸ್ವಿಚ್ ಒತ್ಬೇಡಿ" ಎಂದೆ. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದರು. "ಸರಿ ಕಣಪ್ಪ" ಎಂದರು. ಮನೆಯೊಳಗಿನಿಂದ ಜಯಮ್ಮನವರು ಕಿಟಕಿಗೆ ಬಂದು, ಪೈಪು ಹಾಕಿಕೊಂಡೇ ನನಗೆ ಕೈಮುಗಿದರು. ನಾನೂ ಮುಗಿದೆ, ನಾಚಿಕೆಯಿಲ್ಲದೆ.

ವಾರದೊಳಗೆ ಆ ಮಳೆ ಬಂತು. ಇಡೀ ರಾತ್ರಿ ಸುರಿದು ಬೆಳಗ್ಗೆ ಕೆರೆ ಕೋಡಿ ಹರಿಯಿತು. ಹನ್ನೊಂದು ಗಂಟೆಗೆ ಪಿಳ್ಳಪ್ಪನವರ ಫೋನು. "ನೀರು ಬಂದೈತೆ. ಅವಳನ್ನೂ ಯುಪಿಎಸ್ಸನ್ನೂ ಗಾಡಿಗೆ ಹತ್ತಿಸಿದೀನಿ. ಕರೆಂಟ್ ಈಗ್ತಾನೆ ಹೋಯ್ತು. ಯುಪಿಎಸ್ ಕೂಗ್ತಾ ಐತೆ. ಬೇಗ ಬಾರಪ್ಪ" ಎಂದರು. ಆಗಲಾದರೂ ನಿಜ ಹೇಳಬೇಕಿತ್ತು. "ಬಂದೆ, ಬಂದೆ" ಎಂದೆ. ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಲೈನು ಹೋಯಿತು, ಮತ್ತೆ ಸಿಗಲೇ ಇಲ್ಲ.

ಬಾಡಿಗೆಗೆ ಕೊಡುವ ಒಂದು ಸಣ್ಣ ಜನರೇಟರನ್ನು ಗೂಡ್ಸ್ ಆಟೋಗೆ ಹಾಕಿಕೊಂಡು ಹೊರಟೆ. ದಾರಿಯಲ್ಲೇ ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ. ಮುಖ್ಯ ರಸ್ತೆಯವರೆಗೆ ಬರಬಹುದು, ಒಳಗೆ ಆಳ ಜಾಸ್ತಿ, ಟ್ರ್ಯಾಕ್ಟರ್ ಬರಬೇಕು ಎಂದರು. ರಿಂಗ್ ರೋಡು ಕಾರುಗಳಿಂದ ತುಂಬಿ ಹೋಗಿತ್ತು. ಕೊನೆಗೆ ಆಟೋ ನೀರಿನಲ್ಲಿ ನಿಂತೇಬಿಟ್ಟಿತು. ಜನರೇಟರ್ ಹೊರಲು ಒಬ್ಬನಿಂದ ಆಗುವ ಮಾತಲ್ಲ. ಅಲ್ಲೇ ಬಿಟ್ಟು, ಸೊಂಟದುದ್ದ ಕೊಚ್ಚೆಯಲ್ಲಿ ಬರಿಗೈಯಲ್ಲಿ ನಡೆದೆ. ಯುಪಿಎಸ್ ಒಂದು ಗಂಟೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ನಾನು ಅವರ ಬೀದಿಯ ತಿರುವಿಗೆ ಬಂದಾಗ ಎರಡೂವರೆ ಗಂಟೆ. ಅಯ್ಯೋ ಪಾಪಿ, ಒಂದು ಜೀವ ತಿಂದೆಯಲ್ಲೋ ಎಂದು ನನಗೆ ನಾನೇ ಬಾಯಿಬಿಟ್ಟು ಬೈದುಕೊಳ್ಳುತ್ತಿದ್ದೆ.

ಆಗ ಆ ಸದ್ದು ಕೇಳಿಸಿತು. ಇಂಜಿನ್ನಿನ ಸದ್ದು. ನಾಲ್ಕು ಏಟಿಗೊಮ್ಮೆ ಉಸಿರು ಹಿಡಿದು ಬಿಟ್ಟ ಹಾಗೆ ಒಂದು ತಡೆ, ಮತ್ತೆ ನಾಲ್ಕು ಏಟು. ಮೊದಲ ದಿನ ಓಡಿಸಿ ನೋಡಿದಾಗ ಆ ತಡೆಯನ್ನು ಗುರುತು ಹಾಕಿಕೊಂಡಿದ್ದೆ. ಹತ್ತು ಸಾವಿರ ಮೆಷೀನಿನ ನಡುವೆ ಇಟ್ಟರೂ ಅದನ್ನು ಕಂಡುಹಿಡಿಯುತ್ತೇನೆ. ನನ್ನ ಬೆಂಚಿನ ಮೇಲೆ ಚೀಲದ ಕೆಳಗಿದ್ದ ಇಂಜಿನ್ನಿನ ಸದ್ದು ಅದು. ಬೆಳಗ್ಗೆ ಅಂಗಡಿ ಬಾಗಿಲು ಹಾಕುವಾಗ ಕಣ್ಣಾರೆ ನೋಡಿ ಬಂದಿದ್ದೆ. ಹೋಗಿ ನೋಡಿದರೆ ಮನೆಗಾಡಿಯ ಕಿಟಕಿಯಲ್ಲಿ ದೀಪ ಉರಿಯುತ್ತಿದೆ. ಇಡೀ ಬಡಾವಣೆಯಲ್ಲಿ ಬೇರೆಲ್ಲೂ ಒಂದು ಬಲ್ಬಿರಲಿಲ್ಲ.

ಒಳಗೆ ಹತ್ತಿದೆ. ಜಯಮ್ಮನವರು ಹಾಸಿಗೆಯ ಮೇಲೆ ಒರಗಿದ್ದರು. ಮೂಗಿನಲ್ಲಿ ಪೈಪು, ಪಕ್ಕದಲ್ಲಿ ಆಕ್ಸಿಜನ್ ಮೆಷೀನು, ಅದರ ಹಸಿರು ದೀಪ. ಮೇಲೆ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ನನ್ನನ್ನು ನೋಡಿ ಆಕೆ ನಕ್ಕರು. ಪಿಳ್ಳಪ್ಪನವರು ಆಕೆಯ ಕಾಲ ಬಳಿ ಕೂತಿದ್ದರು. ಅವರು ನಗಲಿಲ್ಲ. ನಾನು ಹೊರಗೆ ಬಂದು ಡಬ್ಬದ ಮೇಲೆ ಅಂಗೈ ಇಟ್ಟೆ. ತಗಡು ಅದುರುತ್ತಿತ್ತು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದೆನೋ ಇಲ್ಲವೋ, ಪಿಳ್ಳಪ್ಪನವರು ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದರು. ಮುದುಕರ ಕೈಯಲ್ಲಿ ಅಷ್ಟು ಬಲ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. "ಈಗ ತೆಗೀಬೇಡ" ಎಂದರು. ಇಬ್ಬರೂ ಒಳಗೆ ಹೋಗಿ ಕೂತೆವು. ಸುಮಾರು ಎರಡು ಗಂಟೆ ಆ ಸದ್ದು ಕೇಳುತ್ತಾ ಕೂತಿದ್ದೆವು. ನಾಲ್ಕು ಏಟು, ತಡೆ, ನಾಲ್ಕು ಏಟು, ತಡೆ. ಒಂದೊಂದು ತಡೆಗೂ ಇನ್ನು ಮುಗಿಯಿತು ಎಂದುಕೊಳ್ಳುತ್ತಿದ್ದೆ.

ನಾಲ್ಕೂವರೆಯ ಹೊತ್ತಿಗೆ ಟ್ರ್ಯಾಕ್ಟರ್ ಬಂತು. ಅದರಲ್ಲಿ ಬಂದವರು ಜಯಮ್ಮನವರ ಮೂಗಿಗೆ ಸಣ್ಣ ಸಿಲಿಂಡರಿನ ಪೈಪು ಹಾಕಿ, ಹಾಸಿಗೆ ಸಮೇತ ಎತ್ತಿಕೊಂಡರು. ಪಿಳ್ಳಪ್ಪನವರು ಸ್ವಿಚ್ ಆರಿಸಿ, ನನ್ನ ಕಡೆ ತಿರುಗದೆ, ಟ್ರ್ಯಾಕ್ಟರ್ ಹತ್ತಿದರು. ಸದ್ದು ನಿಂತಿತು. ಎಲ್ಲರೂ ಹೋದ ಮೇಲೆ ನಾನೊಬ್ಬನೇ ಎಂಟು ಸ್ಕ್ರೂ ಬಿಚ್ಚಿದೆ. ಎರಡು ಕೈಜಾರಿ ನೀರಿಗೆ ಬಿದ್ದವು. ಒಳಗೆ ಏನೂ ಇರಲಿಲ್ಲ. ಇಂಜಿನ್ ಕೂರುವ ನಾಲ್ಕು ತೂತುಗಳು ಬರಿದಾಗಿದ್ದವು. ತಂತಿಗಳಿಗೆ ನಾನು ಸುತ್ತಿದ್ದ ಟೇಪು ಸುತ್ತಿದ ಹಾಗೇ ಇತ್ತು. ತಗಡು ತಣ್ಣಗಿತ್ತು.

ನೀವು ಕೇಳಬಹುದಾದ್ದನ್ನೆಲ್ಲ ನಾನೇ ಕೇಳಿಕೊಂಡಿದ್ದೇನೆ. ಗಾಡಿಯಲ್ಲಿ ಬ್ಯಾಟರಿ ಇತ್ತೇ? ಇರಲಿಲ್ಲ, ಎಂದೋ ತೆಗೆದಿದ್ದರು; ಜನರೇಟರ್ ಸ್ಟಾರ್ಟ್ ಮಾಡುವ ಪುಟ್ಟ ಬ್ಯಾಟರಿಯೂ ನನ್ನ ಅಂಗಡಿಯಲ್ಲೇ ಇತ್ತು. ಪಕ್ಕದ ಮನೆಯಿಂದ ವೈರ್ ಎಳೆದಿದ್ದರೇ? ಯಾರ ಮನೆಯಲ್ಲೂ ಕರೆಂಟ್ ಇರಲಿಲ್ಲ. ಭಯಕ್ಕೆ ನನ್ನ ತಲೆ ಕೆಟ್ಟಿತ್ತೇ? ಕೆಟ್ಟಿತ್ತೆಂದೇ ಇಟ್ಟುಕೊಳ್ಳಿ. ಜಯಮ್ಮನವರು ಅಷ್ಟು ಹೊತ್ತು ಯಾವುದರಿಂದ ಉಸಿರಾಡಿದರು? ಆಸ್ಪತ್ರೆಯಿಂದ ಆಕೆ ಐದನೇ ದಿನಕ್ಕೆ ಮನೆಗೆ ಬಂದರು. ಅಷ್ಟರಲ್ಲಿ ನಾನು ಊಟ ನಿದ್ದೆ ಬಿಟ್ಟು ತಂತಿ ಸುತ್ತಿ, ನಿಜವಾದ ಮೆಷೀನನ್ನು ಡಬ್ಬದೊಳಗೆ ಕೂರಿಸಿದ್ದೆ, ಕಳ್ಳನ ಹಾಗೆ. ಇವತ್ತಿಗೂ ಅದು ಸರಿಯಾಗಿ ಓಡುತ್ತದೆ.

ಅಲ್ಲಿಗೆ ನನ್ನ ಕಷ್ಟ ಮುಗಿಯಲಿಲ್ಲ, ಶುರುವಾಯಿತು. ಜಯಮ್ಮನವರು ಬೀದಿಯಲ್ಲೆಲ್ಲ ನನ್ನ ಹೆಸರು ಹೇಳತೊಡಗಿದರು. ಅವರ ಮಾತು ಕೇಳಿ ಹೊಸ ಗಿರಾಕಿಗಳು ಬರುತ್ತಿದ್ದರು. "ಆಯಮ್ಮನ ಜೀವ ಉಳಿಸಿದೋರು ನೀವೇ ಅಂತಲ್ಲ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಸ್ಪ್ಯಾನರ್ ಹುಡುಕುತ್ತಿದ್ದೆ. ಅದನ್ನು ಅವರು ವಿನಯ ಎಂದುಕೊಂಡು ಇನ್ನಷ್ಟು ಹೊಗಳುತ್ತಿದ್ದರು. ಒಂದು ವರ್ಷ ಹೀಗೆ ಕಳೆದ ಮೇಲೆ ತಡೆಯಲಾಗದೆ, ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋಗಿ, ಜಗಲಿಯ ಮೇಲೆ ಪಿಳ್ಳಪ್ಪನವರ ಎದುರು ಕೂತು, ಎಲ್ಲ ಹೇಳಿಬಿಟ್ಟೆ. ಡಬ್ಬ ಖಾಲಿಯಿತ್ತು ಎಂದೆ. ಹೊಡೆದರೆ ಹೊಡೆಸಿಕೊಳ್ಳೋಣ ಎಂದೇ ಹೋಗಿದ್ದೆ.

ಅವರು ಒಳಬಾಗಿಲ ಕಡೆ ನೋಡಿ, "ಮೆಲ್ಲಗೆ ಮಾತಾಡು" ಎಂದರು. ಆಮೇಲೆ, "ನಂಗೊತ್ತಿತ್ತು. ಮೂವತ್ತು ವರ್ಷ ಆ ಗಾಡಿ ಓಡಿಸಿದೋನು ಕಣಪ್ಪ ನಾನು. ಮೆಷೀನ್ ಒಳಗಿದ್ರೆ ಗಾಡಿ ಎಡಗಡೆಗೆ ಒಂದು ಬೆರಳು ವಾಲುತ್ತೆ. ನೀನು ಡಬ್ಬ ಕೂರಿಸಿ ಹೋದ ದಿನ ವಾಲಿರ್ಲಿಲ್ಲ" ಎಂದರು.

ನಾನು ಕೇಳಿದೆ: "ಮತ್ಯಾಕೆ ನಂಗೆ ಒಂದು ಮಾತೂ ಅನ್ಲಿಲ್ಲ?"

"ಅಂದಿದ್ರೆ ನೀನು ಸಿಟ್ಟು ಮಾಡ್ಕೊಂಡು, ಎತ್ಕೊಂಡೋಗಿ ಅಂತಿದ್ದೆ. ಆ ಹಳೇ ಮೆಷೀನ್ ಮುಟ್ಟೋರು ಶಿವಾಜಿನಗರದ ಮೆಕ್ಯಾನಿಕ್ಕುಗಳಲ್ಲೂ ಸಿಗ್ಲಿಲ್ಲ. ನೀನೊಬ್ಬನೇ ಇದ್ದಿದ್ದು."

ಹೌದು. ಹಾಗೇ ಅನ್ನುತ್ತಿದ್ದೆ. ಎಷ್ಟೋ ಜನಕ್ಕೆ ಅಂದಿದ್ದೇನೆ.

"ಖಾಲಿ ಅಂತ ಗೊತ್ತಿದ್ದೂ ಅವತ್ತು ಸ್ವಿಚ್ ಯಾಕೆ ಒತ್ತಿದ್ರಿ?" ಎಂದು ಕೇಳಿದೆ.

"ಯುಪಿಎಸ್ ನಿಂತೋಯ್ತು. ಅವಳು ನನ್ನ ಮುಖಾನೇ ನೋಡ್ತಿದ್ಳು. ಮೆಷೀನ್ ರೆಡಿ ಆಗೈತೆ, ಭಯಪಡಬೇಡ ಅಂತ ನಾನೇ ಹೇಳಿದ್ನಲ್ಲ. ನೀನು ನಂಗೆ ಹೇಳಿದ್ದನ್ನೇ ಅವಳಿಗೆ ಹೇಳಿದ್ದೆ. ಒತ್ತದೇ ಇರೋಕಾಗುತ್ತಾ?" ಎಂದರು. ಆಮೇಲೆ ಹೇಗೆ ಓಡಿತು ಎಂದು ನಾನು ಕೇಳಲಿಲ್ಲ. ಅವರೂ ನನ್ನನ್ನು ಕೇಳಲಿಲ್ಲ.

ನಾನು ಎದ್ದು ನಿಂತೆ. ಅಷ್ಟರಲ್ಲಿ ಒಳಗಿನಿಂದ ಜಯಮ್ಮನವರ ದನಿ ಬಂತು, ನಡುನಡುವೆ ಉಸಿರು ಎಳೆದುಕೊಳ್ಳುತ್ತಾ. "ಯಾರು, ಜನರೇಟರ್ ಮಾಡಿಕೊಟ್ಟನಲ್ಲ ಆ ಮಗಾನಾ? ಹಾಗೇ ಕಳಿಸ್ಬೇಡಿ. ಮುದ್ದೆ ಬಿಸಿಯಾಗೈತೆ, ಉಣ್ಣಕ್ಕೆ ಕೂರಿಸಿ."

ಪಿಳ್ಳಪ್ಪನವರು ನನ್ನ ಮುಖ ನೋಡಿದರು. ನಾನು ಕೈ ತೊಳೆದು ಒಳಗೆ ಹೋಗಿ, ಆಕೆ ಹಾಕಿದ ತಟ್ಟೆಯ ಮುಂದೆ ಕೂತು ಉಂಡೆ.