ನಮ್ಮ ನೆಗೆಣ್ಣಿಯ ಖಳನಾಯಕ

ರೊಟ್ಟಿ ಬಡಿಯಲು ಕೂತರೆ ಅವಳು ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದಳು. ಮಣಿಕಟ್ಟಿನ ತನಕ ಜೋಳದ ಹಿಟ್ಟು, ಮೂಗಿನ ತುದಿಗೂ ಒಂದಿಷ್ಟು. ಆ ಕೈ ಕಥೆಯ ಜೊತೆಗೇ ನಡೆಯುತ್ತಿತ್ತು. ಹೀರೋ ಓಡುತ್ತಿದ್ದರೆ ಟಪಟಪ ಬಡಿತ, ಗುಂಡು ಹಾರಿದರೆ ಇನ್ನೂ ಜೋರು. ಖಳನಾಯಕ ಬಾಗಿಲಿಗೆ ಬಂದನೋ, ಕೈ ಹಾಗೆಯೇ ನಿಂತುಬಿಡುತ್ತಿತ್ತು. ಎದುರಿಗೆ ಕೂತ ನನ್ನ ಮಗಳ ಉಸಿರೂ ನಿಲ್ಲುತ್ತಿತ್ತು. ಹಂಚಿನ ಮೇಲಿದ್ದ ರೊಟ್ಟಿಯಾದರೂ ಒಮ್ಮೆ ಹೊತ್ತಲಿ ಎಂದು ನಾನು ಕಾದದ್ದೇ ಬಂತು. ಹೊತ್ತಲಿಲ್ಲ.

ಅವಳು ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ತವರು ಯಂಕಂಚಿ. ಸಿಂದಗಿಯ ನಮ್ಮ ಕೂಡು ಮನೆಯಲ್ಲಿ ಅಡುಗೆಮನೆ ಅವಳ ರಾಜ್ಯ. ನಾನು ಇಂಡಿಯಲ್ಲಿ ಶಾಲಾ ಶಿಕ್ಷಕಿ. ಬೆಳಿಗ್ಗೆ ಬಸ್ಸು ಹತ್ತಿದರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಷ್ಟರಲ್ಲಿ ಎರಡನೇ ಇಯತ್ತೆಯ ಮಗಳು ಉಂಡು, ಜಡೆ ಹಾಕಿಸಿಕೊಂಡು, ದೊಡ್ಡವ್ವನ ಬಾಯಿಂದ ಒಂದು ಪಿಚ್ಚರನ್ನೂ ಕೇಳಿ ಮುಗಿಸಿರುತ್ತಿದ್ದಳು. ಇವಳು ಮಕ್ಕಳಿಲ್ಲದವಳಾಗಿದ್ದರೆ ಪಾಪ ಎಂದು ಸುಮ್ಮನಿರುತ್ತಿದ್ದೆ. ಹೋರಿಗಳಂಥ ಇಬ್ಬರು ಗಂಡುಮಕ್ಕಳಿದ್ದರು. ಅಷ್ಟಿದ್ದೂ ನನ್ನದೊಂದನ್ನು ಕಸಿದುಕೊಂಡರೆ ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ.

ಮಧ್ಯಾಹ್ನ ಟಿ.ವಿ.ಯಲ್ಲಿ ಬರುವ ಗೂಢಚಾರರ ಸಿನಿಮಾ ಒಂದನ್ನೂ ಅವಳು ಬಿಡುತ್ತಿರಲಿಲ್ಲ. ಯಾವ ದೇಶದ್ದಾದರೂ ಅವಳಿಗೆ ಅದು ‘ಸಿಐಡಿ ಪಿಚ್ಚರ್’. ಹೀರೋ ಎಂದರೆ ತಾತ್ಸಾರ. ಅವನ ಕಥೆ ಎರಡು ರೊಟ್ಟಿಗೆ ಮುಗಿದರೆ, ಖಳನಾಯಕನದು ಬುಟ್ಟಿ ತುಂಬುವವರೆಗೆ. ಆದರೆ ಚೀರಾಡುವ ಖಳನಾಯಕ ಬಂದರೆ ಚಾನೆಲ್ಲನ್ನೇ ಬದಲಿಸುತ್ತಿದ್ದಳು.

“ಒದರೂದು ಯಾರಿಗೆ ಬರೂದಿಲ್ಲ? ನಮ್ಮನಿ ಎಮ್ಮಿನೂ ಒದರತೈತಿ. ಖರೇ ವಿಲನ್ ಸಾವಕಾಶ ಮಾತಾಡಬೇಕು. ಮೊದಲ ಕುಂಡ್ರಿಸಿ ಉಣ್ಣಾಕ ಹಾಕಬೇಕು. ಆಮ್ಯಾಲ ಹೆದರಸಬೇಕು,” ಎನ್ನುತ್ತಿದ್ದಳು.

“ಅಷ್ಟಾದ್ರ ಸಾಕೇನ್ರಿ ಅಕ್ಕಾರ?” ಎಂದು ನಾನೊಮ್ಮೆ ಕೊಂಕು ತೆಗೆದೆ.

“ಸಾಲೂದಿಲ್ಲ ತಂಗಿ. ಹೀರೋ ಹೆಂಗೂ ಬರ್ತಾನ, ಪಿಚ್ಚರ್ ಅವಂದ. ವಿಲನ್ ಯಾವಾಗ ಬರ್ತಾನ ಅಂತ ಜನ ಬಾಗಲಾ ನೋಡ್ಕೋತ ಕುಂಡ್ರಬೇಕು. ಅಂಥಾವನ್ನ ಸಾಯೂತನಾ ಮರೆಯೂದಿಲ್ಲ.”

ಮಾತು ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಒಂದು ಭಾನುವಾರ ಪಂತ ಕಟ್ಟಿದವಳ ಹಾಗೆ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ನಾನೂ ಒಂದು ಕಥೆ ಸುರು ಮಾಡಿದೆ. ಮಕ್ಕಳಿಗೆ ಕಲಿಸುವುದೇ ನನ್ನ ಕಸುಬು, ಇದೇನು ಮಹಾ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಕೇಳಿದ ಮಗಳು, “ಇದರಾಗ ಯಾರರೆ ಬರ್ತಾರನು?” ಎಂದು ಆಕಳಿಸಿ ಎದ್ದು ಅಡುಗೆಮನೆಗೆ ಓಡಿದಳು.

ಇನ್ನೊಂದು ಸಂಜೆಯಂತೂ ಮೈಯೆಲ್ಲ ಉರಿದುಹೋಯಿತು. ಬಸ್ಸಿಳಿದು ಬಂದೆ. ಒಳಗೆ ಟಪಟಪ ಸದ್ದು, ಅವಳ ದನಿ. ಹೊಸ್ತಿಲಲ್ಲಿ ನಿಂತು, ಎಂದಿನಂತೆ ಕನ್ನಡಕ ತೆಗೆದು ಸೆರಗಿನಿಂದ ಧೂಳು ಒರೆಸಿಕೊಂಡೆ. ಕೈಗಡಿಯಾರ ನೋಡಿದೆ. “ಹ್ಞಾಂ, ಏನ್ ನಡದೈತಿ?” ಎಂದೆ. ಕೈ ನಿಂತಿತು, ಕಥೆಯೂ ನಿಂತಿತು. ಇಬ್ಬರೂ ನನ್ನನ್ನು ದಿಟ್ಟಿಸಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕೆಂದು ನಕ್ಕರು. ಏನಾಯಿತೆಂದು ಕೇಳಿದರೆ ಮಗಳು, “ಏನಿಲ್ಲವ್ವ,” ಎಂದು ದೊಡ್ಡವ್ವನ ಬೆನ್ನಿಗೆ ಮುಖ ಒತ್ತಿಕೊಂಡಳು. ಹಡೆದವಳು ನಾನು, ಗುಟ್ಟು ಅವರಿಬ್ಬರದು. ಅವತ್ತೇ ಗಂಡನಿಗೆ ಹೇಳಿಬಿಟ್ಟೆ: “ಇಂಡ್ಯಾಗ ಮನಿ ಮಾಡೂಣ್ರಿ. ನನ್ನ ಮಗಳು ನನ್ನ ಕೂಡ ಇರಲಿ.”

ಹೊರಡುವ ದಿನ ಅವಳು ಅಳುತ್ತಾಳೆ, ಇಲ್ಲವೇ ಜಗಳಕ್ಕೆ ನಿಲ್ಲುತ್ತಾಳೆ ಎಂದು ನಾನು ಉತ್ತರಗಳನ್ನು ಜೋಡಿಸಿಕೊಂಡಿದ್ದೆ. ಎರಡೂ ಮಾಡಲಿಲ್ಲ. ನನ್ನನ್ನು ಕೂಡಿಸಿ ಶೇಂಗಾ ಹೋಳಿಗೆ ಹಾಕಿದಳು, ಮೇಲೆ ತುಪ್ಪ ಸುರಿದಳು. ಆಮೇಲೆ ಸಾವಕಾಶವಾಗಿ, “ತಂಗಿ, ನೀ ಅಕಿಗೆ ಕಥಿ ಹೇಳೂದೇನೂ ಬ್ಯಾಡ. ಸಂಜಿಕೆ ಲಗೂನ ಮನಿಗೆ ಬಾ, ಅಷ್ಟ ಸಾಕು,” ಎಂದಳು.

“ನನ್ನ ಮಗಳ್ನ ಹೆಂಗ ನೋಡ್ಕೋಬೇಕಂತ ನೀವೇನ್ ಹೇಳಬ್ಯಾಡ್ರಿ,” ಎಂದೆ ನಾನು. ಅವಳು ಇನ್ನೊಂದು ಹೋಳಿಗೆ ಹಾಕಿದಳು.

ಉಣ್ಣಿಸಿದ್ದಳು, ಚೀರಿರಲಿಲ್ಲ, ತಗಲುವ ಕಡೆಗೇ ಮಾತು ತಗಲಿಸಿದ್ದಳು. ನನ್ನ ಬಾಳಿನ ಖಳನಾಯಕಿ ಇವಳೇ ಎಂದು ಬಸ್ಸಿನಲ್ಲಿ ಕೂತು ಖಾತ್ರಿ ಮಾಡಿಕೊಂಡೆ. ಇಂಡಿಗೆ ಬಂದ ಮೇಲೆ ಶಾಲೆ ಬಿಟ್ಟ ತಕ್ಷಣ ಮನೆ ಸೇರುತ್ತಿದ್ದೆ. ಮಗಳು ಓಡಿಬಂದು ಕಾಲಿಗೆ ತೆಕ್ಕೆ ಹಾಯುತ್ತಿದ್ದಳು. ಗೆದ್ದೆ ಎಂದುಕೊಂಡೆ. ಆದರೂ ಭಾನುವಾರ ಬಂದರೆ ಮಗಳು ಫೋನು ಹಿಡಿದುಕೊಂಡು ಮೂಲೆ ಸೇರಿ, “ದೊಡ್ಡವ್ವ, ಈ ವಾರ ಯಾವ್ ಪಿಚ್ಚರ್?” ಎನ್ನುವುದು ತಪ್ಪಲಿಲ್ಲ.

ಹೋದ ವರ್ಷ ನೆಗೆಣ್ಣಿ ತೀರಿಕೊಂಡಳು. ಕಾಲೇಜಿನಿಂದ ಬಂದ ಮಗಳು ಹಡೆದವಳೇ ಹೋದಳೆಂಬಂತೆ ಅತ್ತಳು. ಹಡೆದವಳು ನಾನು ಪಕ್ಕದಲ್ಲೇ ಕೂತಿದ್ದೆ. ಸಾವಿನ ಮನೆಯಲ್ಲೂ ಹೊಟ್ಟೆಕಿಚ್ಚು ನನ್ನನ್ನು ಬಿಡಲಿಲ್ಲ.

ದಿನಕರ್ಮ ಮುಗಿದ ಮೇಲೆ ಒಂದು ಸಂಜೆ ಸಿಂದಗಿಯ ಅದೇ ಅಡುಗೆಮನೆಯಲ್ಲಿ ಮಗಳು ರೊಟ್ಟಿಗೆ ಕೂತಿದ್ದಳು. ಎದುರಿಗೆ ತೀರಿಕೊಂಡವಳ ಮೊಮ್ಮಕ್ಕಳು. ಟಪಟಪ ಕೇಳಿ ನಾನು ಹೊಸ್ತಿಲಿಗೆ ಬಂದೆ. ಮಗಳ ಬೆನ್ನು ನನ್ನ ಕಡೆಗಿತ್ತು.

“ಅಷ್ಟರಾಗ ವಿಲನ್ ಬಾಗಲಕ್ಕ ಬಂದ,” ಎಂದಳು. ಕೈ ನಿಂತಿತು. “ಏನೂ ಮಾತಾಡಲಿಲ್ಲ. ಸಾವಕಾಶ ಕನ್ನಡಕ ತಗದ. ಧೂಳಾ ಒರಸಿದ. ವಾಚ್ ನೋಡಿದ. ಹ್ಞಾಂ, ಏನ್ ನಡದೈತಿ, ಅಂದ.”

ನನ್ನ ಕೈ ಕನ್ನಡಕದ ಮೇಲೇ ಇತ್ತು. “ಇದು ಯಾವ ಪಿಚ್ಚರಿಂದು?” ಎಂದೆ.

ಮಗಳು ತಿರುಗಿ ನೋಡಿ ನಾಚಿಕೊಂಡಳು. “ಯಾವ್ದೂ ಅಲ್ಲವ್ವ. ದೊಡ್ಡವ್ವನ ಎಲ್ಲಾ ಪಿಚ್ಚರನ್ಯಾಗೂ ವಿಲನ್ ಹಿಂಗ ಬರ್ತಿದ್ದ. ಸಂಜಿಮುಂದ ಅವ್ವ ಬೇಕಂತ ನಾ ಅಳಾಕ ಸುರು ಮಾಡಿದ್ರ ಸಾಕು, ಅಂವನ್ನ ಕರಕೊಂಡ ಬರ್ತಿದ್ಲು. ಅಂವ ಸೋಲೂದು ಬ್ಯಾಡಂತ ನಾ ಹಟಾ ಹಿಡಿತಿದ್ದೆ. ಒಮ್ಮಿನೂ ಸೋಲಸಲಿಲ್ಲ ನೋಡು.”

ಮೊಮ್ಮಕ್ಕಳು ನನ್ನ ಕನ್ನಡಕವನ್ನೇ ನೋಡುತ್ತಿದ್ದರು. ಒಂದು ಹುಡುಗಿ ಕಿಸಕ್ಕೆಂದು ನಕ್ಕಳು. ಅಷ್ಟರಲ್ಲಿ ಹಂಚಿನ ಕಡೆಯಿಂದ ರೊಟ್ಟಿ ಹೊತ್ತುವ ವಾಸನೆ ಬಂತು. ಒಳಗೆ ಹೋಗಿ ತಿರುವಿ ಹಾಕಿದೆ.

“ನಿಮ್ಮ ದೊಡ್ಡವ್ವ ಹೊತ್ತಾಕ ಬಿಡ್ತಿದ್ದಿಲ್ಲ,” ಎಂದೆ.