ನಿಲ್ಲಿಸುವ ಬೆರಳು

ನಮ್ಮ ಲ್ಯಾಬ್ ಮೇಡಂ ಎಂದರೆ ಮೊದಲು ನೆನಪಾಗುವುದು ಅವರ ಬಲಗೈ ತೋರುಬೆರಳು. ಬೆಳಿಗ್ಗೆ ಮನೆಯ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕಿತ್ತು ಬಂದಿರುತ್ತಿದ್ದರಿಂದ ಉಗುರಿನ ಸುತ್ತ ಹಸಿರುಗಪ್ಪು ಕಲೆ. ವಿಡಿಯೊ ಓಡುವಷ್ಟು ಹೊತ್ತೂ ಅದನ್ನು ನಿಲ್ಲಿಸಲೆಂದು ಆ ಬೆರಳು ಸ್ಪೇಸ್‌ಬಾರ್ ಮೇಲೆ ಕಾದಿರುತ್ತಿತ್ತು.

ಮಾಲೂರಿನ ಹತ್ತಿರದ ನಮ್ಮ ಕಾಲೇಜಿನಲ್ಲಿ ಅವರು ಅತಿಥಿ ಉಪನ್ಯಾಸಕಿ. ವೆಬ್‌ಸೈಟ್ ಕಟ್ಟುವ ದೊಡ್ಡದೊಂದು ಫ್ರೇಮ್‌ವರ್ಕ್ ಆ ವರ್ಷ ಪಠ್ಯಕ್ಕೆ ಬಂದಿತ್ತು. ಅವರಿಗೆ ಅದನ್ನು ಕಲಿಸಿದವರು ಯಾರೂ ಇಲ್ಲ. ಇಂಗ್ಲಿಷ್, ತೆಲುಗು ವಿಡಿಯೊ ನೋಡಿ, ತಾವೇ ಟೈಪ್ ಮಾಡಿ, ಕೆಟ್ಟದ್ದನ್ನು ಸರಿಮಾಡಿ, ಆಮೇಲೆ ಅದೇ ವಿಡಿಯೊ ಹಾಕಿ ನಮಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಆ ಫ್ರೇಮ್‌ವರ್ಕೋ, ನಾಲ್ಕು ಪಾಠ ಮುಗಿಯುವಷ್ಟರಲ್ಲಿ ಹೊಸ ಆವೃತ್ತಿ ಬಂದಿರುತ್ತಿತ್ತು. ವಿಡಿಯೊದವನು ಹಳೆಯದನ್ನೇ ಹೇಳುತ್ತ "ತುಂಬಾ ಸುಲಭ" ಎಂದರೆ ಮೇಡಂಗೆ ಮೈ ಉರಿಯುತ್ತಿತ್ತು.

"ಆಗರಾ ನಾಯ್ನಾ!" ಎಂದು ತೆಲುಗಿನಲ್ಲಿ ಗದರಿ ಟಪ್ಪೆಂದು ನಿಲ್ಲಿಸುತ್ತಿದ್ದರು. "ಸುಲಭ ಅಂತೆ! ಇವ್ನು ಹೇಳಿದ್ದು ಈಗ ನಡೆಯಲ್ಲ ಕಣ್ರೋ. ಮೊದ್ಲು ವಿಡಿಯೊ ಹಾಕಿದ ತಾರೀಕು ನೋಡಿ, ಆಮೇಲೆ ನಂಬಿ."

ಒಮ್ಮೆ ನನ್ನ ಪರದೆಯ ತುಂಬ ತಪ್ಪು ತೋರಿಸುವ ಕೆಂಪಕ್ಷರ ಬಂದು ಅಳುತ್ತ ಕೂತಿದ್ದೆ. "ತಪ್ಪು ನಿಂದಲ್ಲ ಕಣೇ, ವಿಡಿಯೊ ಹಳೇದು. ಆ ಕೆಂಪಕ್ಷರ ಏನ್ ಹೇಳ್ತಿದೆ, ಜೋರಾಗಿ ಓದು" ಎಂದರು. ಮೂರನೇ ಸಲ ಓದುವಾಗ ಅರ್ಥವಾಯಿತು.

ವರ್ಷದ ಕೊನೆಗೆ ಪ್ರಾಂಶುಪಾಲರು ಕ್ಲಾಸ್ ಲೀಡರ್ ಆಗಿದ್ದ ನನ್ನನ್ನು ಕರೆಸಿದರು. "ನಿಮ್ ಮೇಡಂ ಆರಿಸಿಟ್ಟಿರೋ ವಿಡಿಯೊಗಳ ಪಟ್ಟಿ ಬರೆದುಕೊಡಮ್ಮ." ಮೇಡಂಗೆ ಒಳ್ಳೆಯ ಹೆಸರು ಬರುತ್ತದೆಂದು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟೆ.

ಮುಂದಿನ ವರ್ಷ ಮೇಡಂ ಇಲ್ಲ. ಪ್ರೊಜೆಕ್ಟರ್ ಹಾಕಿ ಲ್ಯಾಬಿನ ಗೋಡೆಯ ಮೇಲೆ ನನ್ನ ಪಟ್ಟಿಯ ವಿಡಿಯೊಗಳು. "ವಿಡಿಯೊನೇ ಪಾಠ ಮಾಡುತ್ತಲ್ಲ, ಇನ್ನೊಬ್ರು ಯಾಕೆ?" ಎಂದರು ಪ್ರಾಂಶುಪಾಲರು. ನಾಚಿಕೆಗೆಟ್ಟ ಮಾತು! ನಮ್ಮೆಲ್ಲರ ಪರದೆಯಲ್ಲೂ ಕೆಂಪಕ್ಷರ. ಗೋಡೆಯ ಮೇಲಿನವನು ನಗುತ್ತ ಮುಂದೆ ಹೋಗುತ್ತಿದ್ದ.

ಟೇಕಲ್ ರೈಲ್ವೆ ಸ್ಟೇಷನ್ನಿನಲ್ಲಿ ಮೇಡಂ ಸಿಕ್ಕಾಗ, ಪಟ್ಟಿ ಬರೆದದ್ದು ನಾನೇ ಎಂದು ಹೇಳಿಬಿಟ್ಟೆ. ಬೈಯಲಿ ಎಂದು ಕಾದೆ.

"ಎಲ್ಲೆಲ್ಲಿ ನಿಲ್ಲಿಸ್ಬೇಕು ಅಂತ ಬರ್ದಿದ್ಯೇನೇ?"

"ಇಲ್ಲ ಮೇಡಂ."

"ಅಯ್ಯೋ, ಹಂಗಾದ್ರೆ ನಿಮ್ ಗತಿ ಏನೇ?" ಎಂದರು. ತಮ್ಮ ಕೆಲಸದ ಮಾತೇ ಎತ್ತಲಿಲ್ಲ.

ಇಂದು ನಾನು ಉಣ್ಣುವ ಅನ್ನ ಅವರು ಕಲಿಸಿದ ವಿದ್ಯೆಯದು. ಆ ಪ್ರಾಂಶುಪಾಲರ ಮೇಲೆ, ನನ್ನ ಆ ಮುತ್ತಿನಂಥ ಅಕ್ಷರದ ಮೇಲೆ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಮೇಡಂ ಸಿಕ್ಕ ಮರುದಿನ, ಗೋಡೆಯ ಮೇಲಿನವನು "ತುಂಬಾ ಸುಲಭ" ಎಂದ ಕೂಡಲೇ ಎದ್ದುಹೋಗಿ ಸ್ಪೇಸ್‌ಬಾರ್ ಒತ್ತಿದೆ.

"ಮೊದ್ಲು ತಾರೀಕು ನೋಡ್ರೋ" ಎಂದೆ.