ಬೋಪಯ್ಯ ಡಾಕ್ಟರರ ಕೋವಿ ಹಗುರಾದ ವರ್ಷ

ಬೋಪಯ್ಯ ಡಾಕ್ಟರರ ಬಲ ಹುಬ್ಬಿನ ಮೇಲೆ ಅರ್ಧಚಂದ್ರದಂಥ ಒಂದು ಗಾಯದ ಗುರುತು ಇತ್ತು. ಆ ಗಾಯಕ್ಕೆ ಯಾರೂ ಹೊಲಿಗೆ ಹಾಕಿಲ್ಲವೆಂದು ನೋಡಿದ ಕೂಡಲೇ ನನಗೆ ತಿಳಿಯಿತು. ಹಾಕಿದ್ದರೆ ಗುರುತು ಅಷ್ಟು ಅಗಲವಾಗಿ ಉಳಿಯುತ್ತಿರಲಿಲ್ಲ. ಆಪರೇಷನ್ ಥಿಯೇಟರಿನ ಸಿಸ್ಟರ್ ಆಗಿ ಆಯುಸ್ಸು ಕಳೆದವಳು ನಾನು. ಕೇಳದೆ ಇರಲಾಗಲಿಲ್ಲ. ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಫ್ಲ್ಯಾಟುಗಳ ಲಿಫ್ಟಿನಲ್ಲೇ ಕೇಳಿದೆ.

"ನನ್ನ ಕೋವೀನೇ ಗುದ್ದಿದ್ದು ಸಿಸ್ಟರ್. ಗುರಿ ನೋಡೋಕೆ ಮೇಲೊಂದು ದುರ್ಬೀನು ಇರತ್ತಲ್ಲ, ಸ್ಕೋಪು, ಅದಕ್ಕೆ ಕಣ್ಣು ತೀರಾ ಹತ್ರ ಇಟ್ಟಿದ್ದೆ, ಬುದ್ಧಿ ಕಲಿಸ್ತು."

"ಹೊಲಿಗೆ ಯಾಕೆ ಹಾಕಿಸ್ಲಿಲ್ಲ?"

"ದನದ ಡಾಕ್ಟ್ರಲ್ವಾ? ದನಕ್ಕೆ ಹಾಕೋ ಪುಡೀನೇ ಹಾಕ್ಕೊಂಡೆ."

ಅವರು ಕೊಡಗಿನವರು, ಪಶುವೈದ್ಯರು. ಉತ್ತರದ ದೊಡ್ಡ ರ‍್ಯಾಂಚುಗಳಲ್ಲಿ ದನ, ಕುದುರೆ, ಒಂಟೆಗಳಿಗೆ ಮದ್ದು ಮಾಡುತ್ತ ಕೀನ್ಯಾದಲ್ಲೇ ಮುದುಕರಾದವರು. ಹೆಂಡತಿ ತೀರಿಕೊಂಡಿದ್ದರು. ಮಗಳು ಪೂವಿ, ವಿಮಾನ ನಿಲ್ದಾಣದ ಹತ್ತಿರದ ಎಂಬಕಸಿಯಲ್ಲಿ ಸರಕು ಸಾಗಣೆಯ ಕೆಲಸದಲ್ಲಿದ್ದಳು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಆಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಆ ಮನೆಯ ರೂಢಿ.

ಕೋವಿ ಹಳೆಯ ಬೇಟೆ ಕೋವಿ. ಈ ದೇಶದಲ್ಲಿ ಬೇಟೆ ನಿಂತು ಎಷ್ಟೋ ಕಾಲವಾಗಿದೆ. ಬೋಪಯ್ಯನವರು ಅದನ್ನು ಎತ್ತುತ್ತಿದ್ದದ್ದು ಬೇರೆ ಕೆಲಸಕ್ಕೆ. ಕಳ್ಳ ಬೇಟೆಗಾರರ ತಂತಿಯ ಉರುಳಿಗೆ ಸಿಕ್ಕಿ ಕಾಲು ಮೂಳೆಯವರೆಗೆ ಕತ್ತರಿಸಿಹೋದ ಪ್ರಾಣಿ ಇನ್ನು ಬದುಕುವುದಿಲ್ಲ ಎಂದಾದಾಗ ವನ್ಯಜೀವಿ ಇಲಾಖೆಯವರ ಅನುಮತಿ ಪಡೆದು ರ‍್ಯಾಂಚಿನವರು ಇವರನ್ನು ಕರೆಸುತ್ತಿದ್ದರು. ಇವರದು ಒಂದೇ ಗುಂಡು. ಅದಕ್ಕಾಗಿಯೇ ಕರೆಸುತ್ತಿದ್ದದ್ದು.

"ಎರಡನೇ ಗುಂಡು ಬೇಕಾದ್ರೆ ಮೊದಲನೇದು ಹಿಂಸೆ ಅಂತ ಅರ್ಥ ಸಿಸ್ಟರ್," ಎನ್ನುತ್ತಿದ್ದರು. ಆಮೇಲೆ ನಗುತ್ತ, "ನಮ್ಮ ಕೊಡಗಲ್ಲಿ ಎರಡು ಗುಂಡು ಹಾರಿಸೋದು ಮನುಷ್ಯ ಸತ್ತಾಗ. ಗಂಡು ಹುಟ್ಟಿದ್ರೆ ಒಂದು, ಸಾವಾದ್ರೆ ಎರಡು. ಊರಿಗೆಲ್ಲ ಗೊತ್ತಾಗ್ಬೇಕಲ್ಲ!"

"ಇಲ್ಲಿ?"

"ಇಲ್ಲಿ ಹಾರಿಸಿದ್ರೆ ಹೆಣಾನೂ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತಾರೆ."

ಪೂವಿ ಫೋನಿನಿಂದ ತಲೆಯೆತ್ತದೆ, "ಡ್ಯಾಡ್, ನಾಟ್ ಅಗೇನ್," ಎಂದಿದ್ದಳು.

ಒಂದು ಸಂಜೆ ಅವರು ರ‍್ಯಾಂಚಿನಿಂದ ನೇರವಾಗಿ ನಮ್ಮ ಮನೆಗೆ ಬಂದರು. ಬೂಟು ಕಳಚಲಿಲ್ಲ. ಬೂಟು ಹಾಕಿಕೊಂಡು ನನ್ನ ಮನೆಯೊಳಗೆ ಯಾರೂ ಬರುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಚಹಾ ಕೊಟ್ಟೆ, ಕುಡಿಯಲಿಲ್ಲ. ಉರುಳಿಗೆ ಸಿಕ್ಕಿದ ಒಂದು ಜೀಬ್ರಾಕ್ಕೆ ಗುಂಡು ಹೊಡೆದಿದ್ದರಂತೆ. ಕೊನೆಯ ಗಳಿಗೆಯಲ್ಲಿ ಕೋವಿಯ ಮೂತಿ ಬಾಗಿತು. ಗುಂಡು ದವಡೆಗೆ ಬಿತ್ತು. ಅದು ಎದ್ದು ಓಡಿತು. ಕಾಲು ಮುರಿದದ್ದು, ದವಡೆ ಜೋತುಬಿದ್ದದ್ದು, ಆದರೂ ಓಡಿತು. ರ‍್ಯಾಂಚಿನ ಕಾವಲುಗಾರ್ತಿ ಚೆಬೆಟ್ ಜೊತೆ ಮಧ್ಯಾಹ್ನವೆಲ್ಲ ರಕ್ತದ ಜಾಡು ಹಿಡಿದು ನಡೆದರು. ಸಿಕ್ಕಾಗ ಅದು ನೀರು ಕುಡಿಯಲು ನೋಡುತ್ತಿತ್ತು. ಕುಡಿಯಲು ಬಾಯಿ ಇರಲಿಲ್ಲ.

"ಸ್ಕೋಪು ಭಾರ," ಎಂದರು ಕೊನೆಗೆ. "ಹಳೇ ಕಾಲದ ಕಬ್ಬಿಣ. ಅದನ್ನ ತೆಗೀಬೇಕು. ಹಗುರಾದ್ದು ಹಾಕ್ಬೇಕು."

ಅಲ್ಲಿಂದ ಶುರುವಾಯಿತು ಕೋವಿಯ ಭಾರ ಇಳಿಸುವ ಕೆಲಸ. ಹೆಗಲಿಗೆ ಹಾಕುವ ಚರ್ಮದ ಪಟ್ಟಿ ಹೋಗಿ ಬಟ್ಟೆಯದು ಬಂತು. ಹಿಂಬದಿಯ ಮರವನ್ನು ಕೆತ್ತಿಸಿ ತೆಳ್ಳಗೆ ಮಾಡಿಸಿದರು. ಸ್ಕೋಪಿನ ಆಯ್ಕೆಗೆ ನನ್ನನ್ನೂ ಕರೆದರು. ನನ್ನನ್ನಲ್ಲ, ನನ್ನ ಅಡುಗೆಮನೆಯ ತಕ್ಕಡಿಯನ್ನು.

"ಡಬ್ಬದ ಮೇಲೆ ತೂಕ ಬರೆದಿರಲ್ವಾ ಡಾಕ್ಟ್ರೇ?"

"ಸ್ಕೋಪಿಂದು ಮಾತ್ರ ಬರೀತಾರೆ. ಕೋವಿಗೆ ಅದನ್ನ ಹಿಡಿಸೋ ಉಂಗುರದ ತೂಕ ಯಾರಪ್ಪ ಬರೀತಾನೆ?"

ಹೀಗೆ ನಾವಿಬ್ಬರು ಮುದುಕರು ಕೇಕ್ ಹಿಟ್ಟಿನ ತಕ್ಕಡಿಯನ್ನು ಚೀಲದಲ್ಲಿಟ್ಟುಕೊಂಡು ಮಟಾಟು ಎನ್ನುವ ಬಾಡಿಗೆ ವ್ಯಾನು ಹತ್ತಿ ಪಟ್ಟಣಕ್ಕೆ ಹೋದೆವು. ಕೋವಿ ಅಂಗಡಿಯ ಕಬ್ಬಿಣದ ಬಾಗಿಲಲ್ಲಿದ್ದ ಕಾವಲಿನವನು ಚೀಲ ತಡಕಿ, ತಕ್ಕಡಿ ಹೊರತೆಗೆದು, "ಮಮಾ, ಇದು ಬೇಕರಿ ಅಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದ. ಒಳಗಿದ್ದ ಮಾಲೀಕ ನಕ್ಕ. ಡಾಕ್ಟರರು ನಗಲಿಲ್ಲ. ಗಾಜಿನ ಮೇಜಿನ ಮೇಲೆ ತಕ್ಕಡಿ ಇಟ್ಟು ಒಂದೊಂದೇ ಸ್ಕೋಪನ್ನು ಉಂಗುರಗಳ ಸಮೇತ ತೂಗಿದರು.

ದೂರದ್ದನ್ನು ಬಹಳ ಹತ್ತಿರ ತೋರಿಸುವುದನ್ನು ಮೊದಲು ಪಕ್ಕಕ್ಕೆ ಸರಿಸಿದರು. "ಇದ್ರಲ್ಲಿ ಪ್ರಾಣಿ ದೊಡ್ಡದಾಗಿ ಕಾಣತ್ತೆ, ನಡುಕಾನೂ ದೊಡ್ಡದಾಗಿ ಕಾಣತ್ತೆ." ಮುಂದಿನ ಗಾಜು ಅಗಲವಾಗಿದ್ದದ್ದನ್ನೂ ಬಿಟ್ಟರು, ಸಂಜೆ ಬೆಳಕಿಗೆ ಒಳ್ಳೆಯದಾದರೂ ಭಾರ, ಕೋವಿಯ ಮೇಲೆ ಎತ್ತರವಾಗಿ ಕೂರುತ್ತದೆ. ಎಲ್ಲಕ್ಕಿಂತ ಹಗುರವಾದದ್ದನ್ನು ನಾನೇ ಎತ್ತಿಕೊಟ್ಟೆ.

"ಬೇಡ. ಇದಕ್ಕೆ ಕಣ್ಣು ತೀರಾ ಹತ್ರ ತರ್ಬೇಕು. ಕೋವಿ ಹಗುರ ಆದಷ್ಟೂ ಒದೆತ ಜಾಸ್ತಿ. ಅದೇ ಹುಬ್ಬಿಗೆ ಇನ್ನೊಂದು ಚಂದ್ರ ಮೂಡಿಸ್ತದೆ."

ಉಳಿದದ್ದು ಒಂದು ಚಿಕ್ಕ ಕಪ್ಪು ಸ್ಕೋಪ್. ಉಂಗುರ ಸೇರಿಸಿದರೂ ಹಳೆಯದರ ಅರ್ಧ ತೂಕವಿರಲಿಲ್ಲ. ಮಾಲೀಕ ಅದನ್ನು ತನ್ನ ಅಂಗಡಿಯ ಕೋವಿಯೊಂದಕ್ಕೆ ಕೂರಿಸಿ ಕೈಗೆ ಕೊಟ್ಟ. ಡಾಕ್ಟರರು ಎತ್ತಿ ಎದುರು ಗೋಡೆಯ ಕ್ಯಾಲೆಂಡರಿಗೆ ಗುರಿ ಹಿಡಿದರು.

ನಾನು ಕ್ಯಾಲೆಂಡರ್ ನೋಡಲಿಲ್ಲ. ಅವರ ಎಡಗೈ ನೋಡಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಬತ್ತಿ ಗುಳಿಬಿದ್ದಿತ್ತು. ಮುಂಗೈಯ ಚರ್ಮದ ಕೆಳಗೆ ಹುಳು ಹರಿದಂತೆ ಸಣ್ಣಗೆ ಅದುರುತ್ತಿತ್ತು, ಅವರಿಗೆ ಅರಿವಿಲ್ಲದೆಯೇ. ಅಂಥ ಕೈಗಳನ್ನು ನಾನು ವಾರ್ಡುಗಳಲ್ಲಿ ನೋಡಿದ್ದೆ. ನರ ಸಾಯುತ್ತ ಬರುವ ರೋಗ. ಮೊದಲು ಕೈ, ಆಮೇಲೆ ನುಂಗುವುದು, ಆಮೇಲೆ ಉಸಿರು.

ಮನೆಗೆ ಬಂದ ಮೇಲೆ ಸುತ್ತುಬಳಸದೆ ಹೇಳಿದೆ. "ಡಾಕ್ಟ್ರೇ, ಭಾರ ಕೋವೀಲಿಲ್ಲ."

ಅವರು ಹೊಸ ಸ್ಕೋಪಿನ ಗಾಜು ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಸಿಸ್ಟರ್. ಆ ಜೀಬ್ರಾಕ್ಕಿಂತ ಮುಂಚೇನೇ ಗೊತ್ತು. ಶರ್ಟಿನ ಗುಂಡಿ ಹಾಕೋಕೆ ಆಗ್ತಿರ್ಲಿಲ್ಲ."

"ಮತ್ತೆ ಇದೆಲ್ಲ ಯಾಕೆ?"

"ಕೈ ಬದಲಾಯಿಸೋಕಾಗಲ್ವಲ್ಲ. ಸ್ಕೋಪ್ ಬದಲಾಯಿಸ್ಬಹುದು."

ಸ್ಕೋಪನ್ನು ಡಬ್ಬದಲ್ಲಿಟ್ಟು ಅಂದರು: "ಇನ್ನೊಂದು ಜೀಬ್ರಾ ಹಾಗಾಗ್ಬಾರ್ದು. ಅಷ್ಟೇ ನನಗೆ ಬೇಕಾಗಿರೋದು. ಮುಂದಿನ ಸಲ ಕರೆ ಬಂದಾಗ ನೀವೂ ಬನ್ನಿ. ಸ್ಕೋಪಲ್ಲಿ ಕಣ್ಣಿಟ್ಟವನು ತನ್ನ ಕೈ ತಾನು ನೋಡೋಕಾಗಲ್ಲ. ನೀವು ನೋಡಿ. ಆಗಲ್ಲ ಅನ್ಸಿದ್ರೆ ಹೇಳ್ಬಿಡಿ. ಮುಲಾಜು ಬೇಡ."

"ನನಗೆ ಮುಲಾಜು ಯಾವಾಗ ಇತ್ತು?"

"ಅದಕ್ಕೇ ನಿಮ್ಮನ್ನ ಕೇಳ್ತಿರೋದು."

ಕರೆ ಬಂತು. ಜಿರಾಫೆ. ಪೂವಿ ಕಾರು ಓಡಿಸಿದಳು. ಚೆಬೆಟ್ ದಾರಿಗೆ ಬಂದು ನಿಂತಿದ್ದಳು. ಎತ್ತರದ ಹೆಂಗಸು, ಹೆಗಲಲ್ಲಿ ಸ್ಕೋಪಿಲ್ಲದ ಸರ್ಕಾರಿ ಬಂದೂಕು. ಪೂವಿಯನ್ನು ಕಾರಿನಲ್ಲೇ ಬಿಟ್ಟು ಪೊದೆಗಳ ನಡುವೆ ನಡೆದೆವು. ಡಾಕ್ಟರರು ಕೋವಿಯನ್ನು ಯಾರ ಕೈಗೂ ಕೊಡಲಿಲ್ಲ. ಜಿರಾಫೆ ಕಂಡಿತು. ಮುಂಗಾಲಿನ ಗೊರಸು ಚರ್ಮದಲ್ಲಿ ನೇತಾಡುತ್ತಿತ್ತು. ಅದು ಓಡಲಿಲ್ಲ. ಅಷ್ಟು ಎತ್ತರದಿಂದ ಸುಮ್ಮನೆ ನಮ್ಮನ್ನು ನೋಡಿತು.

ಚೆಬೆಟ್ ತನ್ನ ಕೋಲನ್ನು ನೆಲಕ್ಕೆ ಊರಿ ಹಿಡಿದಳು. ಅವರು ಅದರ ಮೇಲೆ ಕೋವಿ ಇಟ್ಟು, ಸ್ಕೋಪಿಗೆ ಕಣ್ಣು ಕೊಟ್ಟರು. ನಾನು ಪಕ್ಕದಲ್ಲಿ ನಿಂತು ಕೋವಿಯ ಮೂತಿಯನ್ನೇ ನೋಡಿದೆ. ಅದು ಗಾಳಿಯಲ್ಲಿ ಸಣ್ಣ ಸುತ್ತು ಹಾಕುತ್ತಿತ್ತು. ಅವರು ಉಸಿರು ಬಿಗಿಹಿಡಿದರು. ಸುತ್ತು ದೊಡ್ಡದಾಯಿತು.

"ಡಾಕ್ಟ್ರೇ, ಬೇಡ."

ಅವರು ಕಣ್ಣು ತೆಗೆಯಲಿಲ್ಲ. ಬೆರಳು ಟ್ರಿಗರಿನ ಮೇಲೇ ಇತ್ತು. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಕೋವಿ ಇಳಿಸಿದರು. ಗುಂಡು ಹೊರತೆಗೆದು ನನ್ನ ಅಂಗೈಯಲ್ಲಿಟ್ಟರು. ಅದು ಬಿಸಿಲಿಗೆ ಬೆಚ್ಚಗಿತ್ತು. ಚೆಬೆಟ್ ಕಡೆ ತಿರುಗಿ "ವೆವೆ," ಎಂದರು. ನೀನು, ಎಂದು. ಅವಳು ಕೋಲನ್ನು ಅವರ ಕೈಗೆ ಕೊಟ್ಟು, ತನ್ನ ಬಂದೂಕೆತ್ತಿ ಹೊಡೆದಳು. ಒಂದೇ ಗುಂಡು. ಅಷ್ಟು ಎತ್ತರದ ಪ್ರಾಣಿ ಮಡಿಸಿಕೊಂಡು ಬೀಳುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಡಾಕ್ಟರರು ಕೋಲು ಹಿಡಿದು ಕೊನೆಯವರೆಗೂ ನೋಡಿದರು.

ದಾರಿಯಲ್ಲಿ ಒಂದೇ ಮಾತು ಆಡಿದರು. "ಸ್ಕೋಪ್ ಒಳ್ಳೇದಿತ್ತು ಸಿಸ್ಟರ್. ಅದರ ಕಣ್ಣಿನ ರೆಪ್ಪೆ ಕೂಡ ಕಾಣ್ತಿತ್ತು."

ಆಮೇಲಿನದು ನಾನು ಊಹಿಸಿದ ಕ್ರಮದಲ್ಲೇ ನಡೆಯಿತು. ನುಂಗುವುದು ನಿಂತಿತು, ಮಾತು ನಿಂತಿತು. ದಿನಾ ಬೆಳಿಗ್ಗೆ ಹೋಗಿ ಮೈ ಒರೆಸಿ, ಮಗ್ಗುಲು ಬದಲಿಸಿ ಬರುತ್ತಿದ್ದೆ. ಕೊನೆಯ ದಿನಗಳಲ್ಲಿ ಅವರಲ್ಲಿ ಅಲ್ಲಾಡುತ್ತಿದ್ದದ್ದು ಹುಬ್ಬು ಮಾತ್ರ. ಒಂದು ಮಧ್ಯಾಹ್ನ ಅದೂ ನಿಂತಿತು. ಫ್ಲ್ಯಾಟಿನ ಕೆಳಗೆ ಮಟಾಟುಗಳು ಎಂದಿನಂತೆ ಹಾರ್ನ್ ಹಾಕುತ್ತಿದ್ದವು. ಯಾರಿಗೂ ಏನೂ ಗೊತ್ತಾಗಲಿಲ್ಲ.

ಲೈಸೆನ್ಸ್ ಇದ್ದವರು ಸತ್ತ ಮೇಲೆ ಕೋವಿ ಮನೆಯಲ್ಲಿಡುವಂತಿಲ್ಲ. ಪೂವಿಯೂ ನಾನೂ ಸ್ಟೇಷನ್ನಿಗೆ ಒಯ್ದೆವು. ಜಿರಾಫೆಯ ದಿನ ಅವರು ಕೊಟ್ಟ ಗುಂಡನ್ನೂ ಪೆಟ್ಟಿಗೆಯ ಉಳಿದ ಗುಂಡುಗಳ ಜೊತೆ ಮೇಜಿನ ಮೇಲಿಟ್ಟೆ. ಎಳೆಯ ವಯಸ್ಸಿನ ಪೊಲೀಸ್ ಕೋವಿಯನ್ನು ಒಂದೇ ಕೈಯಲ್ಲಿ ಎತ್ತಿ, ಬೆರಗಾಗಿ ಮತ್ತೊಮ್ಮೆ ಎತ್ತಿ ನೋಡಿದ. ಬೇಟೆ ಕೋವಿ ಇಷ್ಟು ಹಗುರವೇ ಎಂದು ಕೇಳಿದ. ಪೂವಿ ಅಪ್ಪನ ಲೈಸೆನ್ಸನ್ನೂ ಮರಣಪತ್ರವನ್ನೂ ಅವನ ಮುಂದೆ ಸರಿಸಿದಳು. "ಪೋಲೆ," ಎಂದ, ದುಃಖದ ಮನೆಯವರಿಗೆ ಇಲ್ಲಿ ಎಲ್ಲರೂ ಹೇಳುವ ಮಾತು.

ಮೂಲೆಯಲ್ಲಿ ಮರಳು ತುಂಬಿದ ಡ್ರಮ್ಮಿತ್ತು. ಕೋವಿ ಖಾಲಿಯೆಂದು ಖಾತ್ರಿ ಮಾಡಿಕೊಳ್ಳಲು ಅವನು ಮೂತಿಯನ್ನು ಮರಳಿಗೆ ಹಿಡಿದು ಟ್ರಿಗರ್ ಒತ್ತಿದ. ಟಕ್ ಎಂದಿತು. ಮೇಲಿನ ಅಧಿಕಾರಿ ಬಂದು ಅವನ ಕೈಯಿಂದ ತೆಗೆದುಕೊಂಡು, ತಾನೂ ಗುಂಡು ತುಂಬುವ ಬೋಲ್ಟನ್ನು ಎಳೆದು ನೋಡಿ, ಮರಳಿಗೆ ಹಿಡಿದು ಮತ್ತೊಮ್ಮೆ ಒತ್ತಿದ. ಟಕ್.

ಪೂವಿ ನನ್ನ ತೋಳು ಹಿಡಿದುಕೊಂಡಳು.

"ಎರಡಾಯ್ತು, ಆಂಟಿ," ಎಂದಳು.